ನಮ್ಮ ಸಂಘದ ಬಾಗಿಲಿಗೆ ಎರಡು ಬೀಗ: ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರೇ,

ಕಾರವಾರದ ಒಬ್ಬ ಹಮಾಲಿಯ ನಮಸ್ಕಾರ. ಮೂವತ್ತೊಂದು ವರ್ಷ ಚೀಲ ಹೊತ್ತವನು ನಾನು. ಸೊಂಟ ಕೈಕೊಟ್ಟ ಮೇಲೆ ಈಗ ಗೋದಾಮಿನ ಬಾಗಿಲಲ್ಲಿ ಸ್ಟೂಲ್ ಹಾಕಿ ಕೂತು ಚೀಲ ಎಣಿಸಿ ಬರೆಯುತ್ತೇನೆ. ಈ ಪತ್ರ ಹೇಳಿದ್ದು ನಾನು, ಮೊಬೈಲಿನಲ್ಲಿ ಒತ್ತಿದ್ದು ಮಗಳು. ಅವಳು ನಡುನಡುವೆ 'ಅಪ್ಪಾ, ಇಲ್ಲಿ ಸ್ವಲ್ಪ ಮೆತ್ತಗೆ ಹೇಳು' ಅಂತಿದ್ದಳು. ಕೆಲವು ಕಡೆ ಅವಳ ಮಾತು ಕೇಳಿದ್ದೇನೆ.

ವಿಷಯ ನಮ್ಮ ಸಂಘದ್ದು. ಹೆಸರು ಬರೆಯೋದಿಲ್ಲ. ಇಲ್ಲಿಯವರಿಗೆ ಗೊತ್ತು, ಬೇರೆಯವರಿಗೆ ಹೆಸರಿನಿಂದ ಆಗಬೇಕಾದ್ದೇನೂ ಇಲ್ಲ.

ಒಂದು ತಿಂಗಳಿಂದ ನಮ್ಮ ಸಂಘ ರಾಜಕೀಯದವರ ಬಾಯಿಗೆ ಸಿಕ್ಕಿದೆ. ಒಂದು ಪಕ್ಷದ ಮುಖಂಡರು ಮೈಕ್ ಹಿಡಿದು, ಈ ಸಂಘ ಪೂರ್ತಿ ಕೆಟ್ಟಿದೆ, ಸರ್ಕಾರ ವಶಕ್ಕೆ ತಗೊಳ್ಳಲಿ, ಒಬ್ಬ ಆಡಳಿತಾಧಿಕಾರಿಯನ್ನು ಕೂರಿಸಲಿ ಅಂದರು. ಮೂರು ದಿನ ಬಿಟ್ಟು ಇನ್ನೊಂದು ಪಕ್ಷದವರು ಬಂದು, ಇದು ದುಡಿಯುವವರ ಮೇಲಿನ ದಾಳಿ, ಸಂಘದ ಒಳಗೆ ಸರ್ಕಾರ ಕಾಲಿಟ್ಟರೆ ಸುಮ್ನಿರೋದಿಲ್ಲ ಅಂದರು. ಎರಡೂ ಸಭೆಗೆ ಹೋಗಿದ್ದೆ. ಎರಡೂ ಕಡೆ ಚಹಾ ಚೆನ್ನಾಗಿತ್ತು. ಆದರೆ ನಮ್ಮ ವರ್ಗಣಿ ದುಡ್ಡಿನ ರಸೀದಿ ಪುಸ್ತಕ ಎಲ್ಲಿದೆ ಅಂತ ಎರಡೂ ಕಡೆಯವರು ಕೇಳಲಿಲ್ಲ. ಕೊನೇ ಚುನಾವಣೆ ಯಾವಾಗ ಆಯ್ತು ಅಂತಲೂ ಕೇಳಲಿಲ್ಲ. ಅದಕ್ಕೇ ಈ ಪತ್ರ.

ಮೊದಲು ನಮ್ಮ ರೋಗ ಏನು ಅಂತ ಹೇಳಿಬಿಡುತ್ತೇನೆ. ಮುಚ್ಚಿಡಲು ಏನೂ ಉಳಿದಿಲ್ಲ.

ನಮ್ಮಲ್ಲಿ ಕೊನೇ ಚುನಾವಣೆ ಆಗಿದ್ದು 2017ರಲ್ಲಿ. ಮೂರು ವರ್ಷಕ್ಕೊಮ್ಮೆ ಆಗಬೇಕು ಅಂತ ನಮ್ಮದೇ ನಿಯಮಾವಳಿಯಲ್ಲಿದೆ. 2020ರಲ್ಲಿ ಕೊರೋನಾ ಅಂದರು, ಒಪ್ಪಿದೆವು. 2021ರಲ್ಲೂ ಕೊರೋನಾ ಅಂದರು, ಅದನ್ನೂ ಒಪ್ಪಿದೆವು. ಆಮೇಲೆ ಕಾರಣ ಹೇಳುವುದನ್ನೇ ಬಿಟ್ಟರು. 2023ರಲ್ಲಿ ಅಧ್ಯಕ್ಷರಿಗೂ ಕಾರ್ಯದರ್ಶಿಗೂ ಜಗಳ ಹತ್ತಿತು. ಯಾವುದರ ಮೇಲೆ ಅಂದರೆ ಒಂದು ಜೀಪಿನ ಮೇಲೆ, ಅದರ ಕಥೆ ಇಲ್ಲಿ ಬೇಡ. ಅಂದಿನಿಂದ ನಮಗೆ ಎರಡು ಸಮಿತಿ, ಎರಡು ಲೆಟರ್‌ಹೆಡ್, ಎರಡು ಶಿಕ್ಕೆ. ಸಂಘದ ಕೋಣೆ ಒಂದೇ, ಅದಕ್ಕೆ ಬೀಗ ಎರಡು. ಒಬ್ಬರು ಹಾಕಿದ ಬೀಗದ ಮೇಲೆ ಇನ್ನೊಬ್ಬರು ತಮ್ಮದನ್ನು ಜಡಿದಿದ್ದಾರೆ. ಮಳೆಗಾಲದಲ್ಲಿ ಕಿಟಕಿಯಿಂದ ನೀರು ಒಳಗೆ ಹೋಗಿ ದಫ್ತರವೆಲ್ಲ ತೊಯ್ದಿರಬೇಕು. ನೋಡೋಣ ಅಂದರೆ ಒಳಗೆ ಹೋಗುವ ದಾರಿ ಇಲ್ಲ.

ವರ್ಗಣಿ ಮಾತ್ರ ನಿಂತಿಲ್ಲ ನೋಡಿ. ಬಟವಾಡೆ ದಿನ ಎರಡೂ ಬಣದ ಹುಡುಗರು ಬಂದು ನಿಲ್ಲುತ್ತಾರೆ. ಒಬ್ಬನಿಗೆ ಕೊಟ್ಟರೆ ಇನ್ನೊಬ್ಬ ಮುಂದಿನ ಲಾರಿಗೆ ನಮ್ಮ ಗ್ಯಾಂಗ್ ಹಾಕೋದಿಲ್ಲ. ಹಾಗಾಗಿ ಇಬ್ಬರಿಗೂ ಕೊಡುವವರೇ ಜಾಸ್ತಿ.

ನಮ್ಮ ಸಂಘದ ದೊಡ್ಡ ವಿಷಯ ಅಂದರೆ ಸಾವಿನ ಸಹಾಯಧನ. ಸದಸ್ಯ ತೀರಿಕೊಂಡರೆ ಮಣ್ಣು ಮಾಡುವ ದಿನವೇ ಮನೆಗೆ ದುಡ್ಡು ಮುಟ್ಟಬೇಕು, ಅದು ಹಿರಿಯರು ಹಾಕಿಕೊಟ್ಟ ಪದ್ಧತಿ. ಕಳೆದ ಜೂನ್‌ನಲ್ಲಿ ನನ್ನ ಜೊತೆಯವನೊಬ್ಬ ಹೋದ. ಇಪ್ಪತ್ತು ವರ್ಷ ಒಂದೇ ಗ್ಯಾಂಗಿನಲ್ಲಿದ್ದೆವು. ಅವನು ಬೆನ್ನಿಗೆ ಚೀಲ ಎತ್ತಿಕೊಟ್ಟರೆ ಭಾರವೇ ಗೊತ್ತಾಗುತ್ತಿರಲಿಲ್ಲ, ಅಷ್ಟು ಸರಿಯಾಗಿ ಕೂರಿಸುತ್ತಿದ್ದ. ಅವನ ಹೆಂಡತಿ ಅಧ್ಯಕ್ಷರ ಹತ್ರ ಹೋದರೆ, ನಿನ್ನ ಗಂಡ ವರ್ಗಣಿ ಕೊಟ್ಟಿದ್ದು ಅವರಿಗೆ, ಅಲ್ಲೇ ಕೇಳು ಅಂದರು. ಕಾರ್ಯದರ್ಶಿ ಹತ್ರ ಹೋದರೆ, ಬ್ಯಾಂಕಿನವರು ಖಾತೆ ತಡೆದಿದ್ದಾರೆ, ನಾವೇನು ಮಾಡೋಣ ಅಂದರು. ಆ ತಾಯಿ ಕೋಡಿಬಾಗಕ್ಕೂ ಬೈತಖೋಲಕ್ಕೂ ಮಳೆಯಲ್ಲಿ ನಡೆದಿದ್ದು ನೋಡಿದವನು ನಾನು. ಕೊನೆಗೆ ನಾವು ಗ್ಯಾಂಗಿನವರೇ ಟವೆಲ್ ಹಿಡಿದು ದುಡ್ಡು ಕೂಡಿಸಿದೆವು.

ಇನ್ನು ಕೂಲಿ ದರದ ಒಪ್ಪಂದ. ಅದರ ಅವಧಿ ಮುಗಿದು ಎರಡು ವರ್ಷ ಆಯ್ತು. ಹೊಸ ದರ ಕೇಳಿದರೆ ವ್ಯಾಪಾರಿಗಳು, ನಾವು ಯಾರ ಜೊತೆ ಕೂತು ಮಾತಾಡೋಣ, ನೀವೇ ಮೊದಲು ತೀರ್ಮಾನ ಮಾಡಿಕೊಂಡು ಬನ್ನಿ ಅಂತಾರೆ. ಅವರು ಹೇಳೋದು ಸುಳ್ಳಲ್ಲ. ಆದರೆ ನಾವು ತೀರ್ಮಾನಕ್ಕೆ ಬಾರದೆ ಇದ್ದಷ್ಟು ದಿನ ಅವರಿಗೆ ಲಾಭ. ಅದೂ ಸುಳ್ಳಲ್ಲ.

ಇಷ್ಟು ಕೆಟ್ಟಿದೆ. ಹಾಗಾದರೆ ಆಡಳಿತಾಧಿಕಾರಿ ಬಂದರೆ ಒಳ್ಳೆಯದೇ ಅಲ್ವಾ ಅಂತ ನೀವು ಕೇಳಬಹುದು. ನಮ್ಮಲ್ಲೇ ಅರ್ಧ ಜನ ಹಾಗೆ ಅಂತಾರೆ. ಯಾಕೆ ಅಂದರೆ ಈ ಜಿಲ್ಲೆಯಲ್ಲಿ ನಮಗೆಲ್ಲ ಸಹಕಾರಿ ಸೊಸೈಟಿ ಗೊತ್ತು. ಘಟ್ಟದ ಮೇಲೆ ಶಿರಸಿ ಕಡೆ ಹೋದರಂತೂ ಅಡಿಕೆ ಮಾರುವುದರಿಂದ ಮದುವೆ ಸಾಲದ ತನಕ ಸೊಸೈಟಿಯೇ. ಅಲ್ಲಿ ಗಲಾಟೆ ಆದರೆ ಏನಾಗುತ್ತದೆ ಅಂತ ಚಹಾ ಅಂಗಡಿಯ ಹುಡುಗನೂ ಹೇಳುತ್ತಾನೆ: ಸಹಕಾರ ಸಂಘಗಳ ಕಾಯ್ದೆಯ ಕಲಂ 64ರ ವಿಚಾರಣೆ, ಆಮೇಲೆ ಕಲಂ 30ರಲ್ಲಿ ಮಂಡಳಿ ಸೂಪರ್‌ಸೀಡ್ ಅಂದರೆ ಮಂಡಳಿಯವರನ್ನು ಇಳಿಸೋದು, ಆಮೇಲೆ ಆಡಳಿತಾಧಿಕಾರಿ. ಸಂಘಕ್ಕೂ ಹಾಗೇ ಮಾಡಿದರಾಯ್ತು ಅನ್ನೋದು ಇವರ ಲೆಕ್ಕ.

ಆದರೆ ಸೊಸೈಟಿ ಬೇರೆ, ಸಂಘ ಬೇರೆ. ಸೊಸೈಟಿ ವ್ಯಾಪಾರ ಮಾಡುತ್ತದೆ, ಠೇವಣಿ ತಗೊಳ್ಳುತ್ತದೆ, ಸಾಲ ಕೊಡುತ್ತದೆ. ಅಲ್ಲಿ ಬಂದ ಅಧಿಕಾರಿ ಲೆಕ್ಕ ಸರಿ ಇಟ್ಟರೆ ಅರ್ಧ ಕೆಲಸ ಆದ ಹಾಗೆ. ಸಂಘ ಇರೋದು ಜಗಳ ಆಡೋದಕ್ಕೆ. ವ್ಯಾಪಾರಿ ಜೊತೆ, ಗುತ್ತಿಗೆದಾರನ ಜೊತೆ, ಬೇಕಾದಾಗ ನಿಮ್ಮ ಜೊತೆ. ಸರ್ಕಾರದ ಸಂಬಳ ತಗೊಳ್ಳುವ ಒಬ್ಬ ಸಾಹೇಬರು ನಮ್ಮ ಅಧ್ಯಕ್ಷರ ಕುರ್ಚಿಯಲ್ಲಿ ಕೂತು, ಸರ್ಕಾರಿ ಗೋದಾಮಿನ ಹಮಾಲಿ ದರ ಸಾಲದು, ನಾಳೆಯಿಂದ ಕೆಲಸ ಬಂದ್ ಅಂತ ನೋಟಿಸ್ ಕೊಡುತ್ತಾರಾ? ಕೊಟ್ಟರೆ ಸಂಜೆ ಒಳಗೆ ಅವರಿಗೆ ವರ್ಗ ಆಗುತ್ತದೆ.

ವಶಕ್ಕೆ ತಗೊಳ್ಳಿ ಅಂದ ಮುಖಂಡರು ಆಸ್ಟ್ರೇಲಿಯಾದ ಉದಾಹರಣೆ ಕೊಟ್ಟರು. ಅಲ್ಲಿ ಕಾರ್ಮಿಕರ ಪಕ್ಷದ ಸರ್ಕಾರವೇ ಸಂಘಕ್ಕೆ ಆಡಳಿತಗಾರನನ್ನು ಹಾಕಿತು, ನಮಗೇನು ಅಡ್ಡಿ ಅಂದರು. ಮಗಳ ಹತ್ರ ಹುಡುಕಿಸಿ ಓದಿಸಿಕೊಂಡೆ. ಅದು ನಿಜ. ಸಿಎಫ್‌ಎಂಇಯು ಅಂತ ಕಟ್ಟಡ ಕೆಲಸಗಾರರ ದೊಡ್ಡ ಸಂಘ. 2024ರ ಜುಲೈನಲ್ಲಿ, ಅದರ ಒಳಗೆ ಕ್ರಿಮಿನಲ್ ಗ್ಯಾಂಗುಗಳು ಸೇರಿಕೊಂಡಿವೆ ಅಂತ ಅಲ್ಲಿನ ಪತ್ರಿಕೆ, ಟಿವಿಯವರು ಬಯಲು ಮಾಡಿದರು. ವಿಕ್ಟೋರಿಯಾ ರಾಜ್ಯದ ಅದರ ಮುಖ್ಯಸ್ಥ ಜಾನ್ ಸೆಟ್ಕಾ ರಾಜೀನಾಮೆ ಕೊಟ್ಟರು. ಆಗಸ್ಟ್‌ನಲ್ಲಿ ಲೇಬರ್ ಸರ್ಕಾರ ಹೊಸ ಕಾನೂನನ್ನೇ ಮಾಡಿ ಕಟ್ಟಡ ವಿಭಾಗವನ್ನು ಮಾರ್ಕ್ ಇರ್ವಿಂಗ್ ಎಂಬ ವಕೀಲರ ಕೈಗೆ ಕೊಟ್ಟಿತು. ವಿರೋಧ ಪಕ್ಷದವರು ಅದೂ ಸಾಲದು, ನೋಂದಣಿಯನ್ನೇ ರದ್ದು ಮಾಡಿ ಅಂದರು. ಗ್ರೀನ್ಸ್ ಪಕ್ಷದವರು ಇದು ತಪ್ಪು ಅಂದರು. ಸಂಘದವರು ಕೋರ್ಟಿಗೆ ಹೋದರು, 2025ರ ಜೂನ್‌ನಲ್ಲಿ ಅಲ್ಲಿನ ಹೈಕೋರ್ಟ್ ಕಾನೂನು ಸರಿ ಇದೆ ಅಂದಿತು. ಅಲ್ಲಿ ಹೈಕೋರ್ಟ್ ಅಂದರೆ ನಮ್ಮ ಸುಪ್ರೀಂ ಕೋರ್ಟ್ ಇದ್ದ ಹಾಗೆ.

ಮುಖಂಡರು ಇಲ್ಲಿಗೆ ನಿಲ್ಲಿಸಿದರು. ಅದರ ಹಿಂದಿನ ಕಥೆಯನ್ನು ಹೇಳಲಿಲ್ಲ. ಅದೇ ದೇಶದಲ್ಲಿ 1986ರಲ್ಲಿ ಬಿಎಲ್‌ಎಫ್ ಅಂತ ಇನ್ನೊಂದು ಕಟ್ಟಡ ಕೆಲಸಗಾರರ ಸಂಘದ ನೋಂದಣಿ ರದ್ದು ಮಾಡಿದ್ದರು. ಆಗ ಪ್ರಧಾನಿ ಬಾಬ್ ಹಾಕ್, ಅವರೇ ಹಿಂದೆ ಇಡೀ ದೇಶದ ಕಾರ್ಮಿಕ ಸಂಘಗಳ ಒಕ್ಕೂಟದ ಅಧ್ಯಕ್ಷರಾಗಿದ್ದವರು. ಸಂಘ ಮುಗಿಯಿತು ಅಂದುಕೊಂಡರು. ಅದರಲ್ಲಿ ಉಳಿದವರು ಮುಂದೆ ಬಂದು ಸೇರಿದ್ದು ಎಲ್ಲಿಗೆ ಅಂದರೆ ಇದೇ ಸಿಎಫ್‌ಎಂಇಯುಗೆ. ನಮ್ಮ ಕಡೆ ಗದ್ದೆಗೆ ಬಂದ ಹಂದಿ ಓಡಿಸುವವರಿಗೆ ಇದು ಹೊಸತಲ್ಲ. ನಿಮ್ಮ ಗದ್ದೆಯಿಂದ ಓಡಿಸಿದರೆ ಪಕ್ಕದವನ ಗದ್ದೆಯಲ್ಲಿ ಇರುತ್ತದೆ.

ಇನ್ನೊಂದು ಮಾತು. ಅಲ್ಲಿ ಪಾರ್ಲಿಮೆಂಟಿನಲ್ಲಿ ಕಾನೂನು ಮಾಡಿ, ಎಷ್ಟು ವರ್ಷ ಅಂತ ಬರೆದು, ಕೋರ್ಟಿನಲ್ಲಿ ಗೆದ್ದು ಮಾಡಿದ್ದಾರೆ. ಇಲ್ಲಿ ಒಂದು ಸಭೆಯ ಚಪ್ಪಾಳೆ ಮೇಲೆ ಆಗಬೇಕಂತೆ.

ಸರ್ಕಾರ ಸಂಘವನ್ನು ಆರಿಸಿದರೆ ಏನಾಗುತ್ತದೆ ಅನ್ನೋದನ್ನು ನೋಡಲು ಆಸ್ಟ್ರೇಲಿಯಾಕ್ಕೆ ಯಾಕೆ ಹೋಗಬೇಕು ಸಾಹೇಬರೇ? ಬೊಂಬಾಯಿಗೆ ಹೋದರೆ ಸಾಕು. 1956ರ ತನಕ ನಾವೂ ಬೊಂಬಾಯಿ ರಾಜ್ಯದವರೇ, ಇಲ್ಲಿ ಎಷ್ಟು ಮನೆಗಳ ಹಿರಿಯರು ಅಲ್ಲಿ ದುಡಿದಿಲ್ಲ! ಅಲ್ಲಿ 1946ರ ಕಾನೂನು ಒಂದಿತ್ತು. ಒಂದು ಉದ್ಯಮಕ್ಕೆ ಒಂದೇ 'ಪ್ರಾತಿನಿಧಿಕ' ಸಂಘ, ಮಾಲೀಕರು ಮಾತಾಡಬೇಕಾದ್ದು ಅದರ ಜೊತೆ ಮಾತ್ರ. ಬಟ್ಟೆ ಗಿರಣಿಗಳಲ್ಲಿ ಆ ಪಟ್ಟ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘಕ್ಕಿತ್ತು. ಕಾರ್ಮಿಕರ ಮನಸ್ಸು ಅದರಿಂದ ಯಾವತ್ತೋ ಎದ್ದು ಹೋಗಿತ್ತು. ಅವರು ಹೋಗಿ ಕಾರ್ಮಿಕ ನಾಯಕ ಡಾಕ್ಟರ್ ದತ್ತಾ ಸಾಮಂತರ ಕೈ ಹಿಡಿದರು. 1982ರ ಜನವರಿ 18ಕ್ಕೆ ಸುಮಾರು 2.5 ಲಕ್ಷ ಜನ ಕೆಲಸ ಬಿಟ್ಟು ಹೊರಗೆ ಬಂದರು. ಸರ್ಕಾರ ಮಾತ್ರ ಕಾಗದದ ಮೇಲಿದ್ದ ಸಂಘವೇ ನಿಜವಾದ ಸಂಘ ಅಂತ ಕೊನೇ ತನಕ ಹಟ ಹಿಡಿಯಿತು. ಆ ಮುಷ್ಕರವನ್ನು ಹಿಂದಕ್ಕೆ ತಗೊಂಡೆವು ಅಂತ ಇವತ್ತಿನ ತನಕ ಯಾರೂ ಹೇಳಿಲ್ಲ. ಸುಮ್ನೆ ಕರಗಿ ಹೋಯಿತು. ಗಿರಣಿಗಳಿದ್ದ ಜಾಗದಲ್ಲಿ ಈಗ ಮಾಲ್‌ಗಳಿವೆ. ಸಾಮಂತರ ಹಟವೂ ಕಡಿಮೆ ಇರಲಿಲ್ಲ, ಅದನ್ನೂ ಹೇಳಬೇಕು. ಆದರೆ ಕಾರ್ಮಿಕ ಒಪ್ಪದ ನಾಯಕನನ್ನು ಕಾನೂನು ಕಾಯುತ್ತಾ ಕೂತರೆ ಕೊನೆಗೆ ಯಾರಿಗೂ ಏನೂ ಸಿಗಲಿಲ್ಲ, ಮಾಲೀಕರಿಗೆ ಜಾಗ ಸಿಕ್ಕಿತು.

ಅದೇ ಸಭೆಯಲ್ಲಿ ಇನ್ನೊಂದು ಮಾತು ಬಂತು: ಹೊರಗಿನವರನ್ನು, ಅಂದರೆ ಆ ಕೆಲಸ ತಾವೇ ಮಾಡದವರನ್ನು, ಸಂಘದಿಂದ ದೂರ ಇಡಬೇಕು. ಇದು ಆಗಾಗ ಏಳುವ ಮಾತು. 2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರು ಆರನೇ ವೇತನ ಆಯೋಗ ಕೇಳಿ ಮುಷ್ಕರ ಹೂಡಿದಾಗಲೂ, ರೈತ ಮುಖಂಡ ಕೋಡಿಹಳ್ಳಿ ಚಂದ್ರಶೇಖರ್ ಅವರಿಗೆ ಬಸ್ಸಿನವರ ಉಸಾಬರಿ ಯಾಕೆ ಅಂತ ಎಷ್ಟೋ ಜನ ಕೇಳಿದರು. ಹದಿನೈದು ದಿನ ಬಸ್ಸಿಲ್ಲದೆ ನಾವೂ ಬೈದುಕೊಂಡೆವು. ಅದು ಬೇರೆ. ಆದರೆ ಹೊರಗಿನವರು ಬೇಡ ಅನ್ನುವ ಮಾತನ್ನು ಈ ಜಿಲ್ಲೆಯಲ್ಲಿ ನಿಂತು ಆಡಬೇಡಿ.

ಯಾಕೆ ಅಂತ ಹೇಳುತ್ತೇನೆ. ಅಂಕೋಲೆ ಹತ್ತಿರದ ಅಲಗೇರಿಯ ದಿನಕರ ದೇಸಾಯಿಯವರು ನಿಮಗೆ ಚುಟುಕದ ಕವಿ. ಅವರು ಬೊಂಬಾಯಿಯಲ್ಲಿ ಹಡಗಿನ ಕೆಲಸಗಾರರ ಸಂಘ ನಡೆಸಿದವರೂ ಹೌದು. ಹಡಗಿನಲ್ಲಿ ಕಲ್ಲಿದ್ದಲು ಸುರಿದವರಲ್ಲ, ಓದಿದವರು. ಊರಿಗೆ ಬಂದು ಗೇಣಿ ರೈತರನ್ನು ಕಟ್ಟಿದಾಗ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತು. 1967ರಲ್ಲಿ ಇದೇ ಜಿಲ್ಲೆಯ ಜನ ಅವರನ್ನು ಪಾರ್ಲಿಮೆಂಟಿಗೆ ಕಳಿಸಿದರು. ಅವರಿದ್ದ, ಗೋಖಲೆಯವರು ಕಟ್ಟಿದ ಭಾರತ ಸೇವಕ ಸಮಾಜದಲ್ಲೇ ಇದ್ದವರು ಎನ್. ಎಂ. ಜೋಶಿ. 1918ರಲ್ಲಿ ಮದರಾಸಿನ ಗಿರಣಿ ಕೆಲಸಗಾರರು ಸಂಘ ಕಟ್ಟಿದರು, ಬಿ. ಪಿ. ವಾಡಿಯಾ ಅವರ ಜೊತೆ ನಿಂತರು. ಕಂಪನಿಯವರು ವಾಡಿಯಾ ಮೇಲೆ ಕೋರ್ಟಿಗೆ ಹೋಗಿ ತಡೆ ತಂದರು. ಸಂಘ ಕಟ್ಟಿದ್ದಕ್ಕೆ ಕೇಸು! ಆಗ 1921ರಲ್ಲಿ ಶಾಸನಸಭೆಯಲ್ಲಿ, ಸಂಘಗಳಿಗೆ ರಕ್ಷಣೆ ಕೊಡುವ ಕಾನೂನು ಬೇಕು ಅಂತ ಠರಾವು ತಂದವರು ಈ ಜೋಶಿ. ಅದರಿಂದ ಬಂದಿದ್ದೇ 1926ರ ಕಾರ್ಮಿಕ ಸಂಘಗಳ ಕಾಯ್ದೆ. ವಾಡಿಯಾ ಹೊರಗಿನವರು. ಜೋಶಿ ಹೊರಗಿನವರು. ನಮ್ಮ ದೇಸಾಯಿಯವರೂ ಹೊರಗಿನವರೇ. ನಮ್ಮ ಸಂಘ ಕೆಡಿಸಿದ ಇಬ್ಬರೂ ಮಾತ್ರ ಅಪ್ಪಟ ಒಳಗಿನವರು, ನನ್ನ ಜೊತೆ ಚೀಲ ಹೊತ್ತವರು.

ಇಷ್ಟು ಹೇಳಿದ ಮೇಲೆ ಎರಡನೇ ಪಕ್ಷದವರು, ನೋಡಿ ಹಮಾಲಿಯೇ ಹೇಳಿದ, ಸರ್ಕಾರ ದೂರ ಇರಲಿ ಅಂತ ಕುಣಿಯಬಹುದು. ಕುಣಿಯಬೇಡಿ. ನಿಮ್ಮ ಮಾತೂ ನನಗೆ ಒಪ್ಪಿಗೆ ಇಲ್ಲ.

ಸರ್ಕಾರ ದೂರ ಇದ್ದಿದ್ದರಿಂದಲೇ ನಾವು ಇಲ್ಲಿಗೆ ಬಂದಿದ್ದು. 1926ರ ಆ ಹಳೇ ಕಾಯ್ದೆಯ ಪ್ರಕಾರ ಸಂಘ ಪ್ರತಿ ವರ್ಷ ಡಿಸೆಂಬರ್ 31ಕ್ಕೆ ಮುಗಿಯುವ ಜಮಾಖರ್ಚನ್ನು ಆಡಿಟ್ ಮಾಡಿಸಿ, ಸಂಘಗಳ ನೋಂದಣಿ ನೋಡುವ ರಿಜಿಸ್ಟ್ರಾರರಿಗೆ ಕಳಿಸಬೇಕಿತ್ತು. ಲೆಕ್ಕದ ಪುಸ್ತಕ ನೋಡುವ ಹಕ್ಕು ಪ್ರತಿ ಸದಸ್ಯನಿಗೂ ಇತ್ತು. ಕಳಿಸದಿದ್ದರೆ ದಂಡ ಎಷ್ಟು ಗೊತ್ತಾ? 5 ರೂಪಾಯಿ. ತಡ ಮಾಡಿದ ಪ್ರತಿ ವಾರಕ್ಕೆ ಇನ್ನೂ 5, ಎಲ್ಲ ಸೇರಿ 50 ದಾಟುವಂತಿಲ್ಲ. 1926ರಲ್ಲಿ ಅದು ದೊಡ್ಡ ದುಡ್ಡೇ ಇರಬಹುದು. ನಮ್ಮ ಕಾಲದಲ್ಲಿ ಒಂದು ಪ್ಲೇಟು ಬಂಗಡೆ ಫ್ರೈಗೂ ಸಾಲದು. ಕಚೇರಿಯವರು ಆ 5 ರೂಪಾಯಿಯನ್ನೂ ಕೇಳಲಿಲ್ಲ. ಎರಡೂ ಬಣದವರು ತಮ್ಮ ತಮ್ಮ ಪದಾಧಿಕಾರಿಗಳ ಯಾದಿ ಕಳಿಸಿದಾಗ, ತಕರಾರು ಇದೆ, ಸಿವಿಲ್ ಕೋರ್ಟಿಗೆ ಹೋಗಿ ಅಂತ ಒಂದು ಕಾಗದ ಬಂತು. ಕಾನೂನಿನಲ್ಲಿ ಅದು ಸರಿಯೇ ಅಂತೆ, ಯಾರು ನಿಜವಾದ ಅಧ್ಯಕ್ಷ ಅಂತ ತೀರ್ಪು ಕೊಡಲು ರಿಜಿಸ್ಟ್ರಾರರು ಜಡ್ಜ್ ಅಲ್ಲ. ಆದರೆ ಲೆಕ್ಕ ಯಾಕೆ ಬಂದಿಲ್ಲ ಅಂತ ಕೇಳಲು ಜಡ್ಜ್ ಆಗಬೇಕಾಗಿರಲಿಲ್ಲ. ಎರಡು ತಿಂಗಳ ನೋಟಿಸ್ ಕೊಟ್ಟು ನೋಂದಣಿ ರದ್ದು ಮಾಡುವ ಅಧಿಕಾರ ಅವರಿಗಿತ್ತು. ಆ ನೋಟಿಸ್ ಒಂದು ಬಂದಿದ್ದರೂ ಇಬ್ಬರೂ ಹೆದರಿ ಸಾಲಿನಲ್ಲಿ ನಿಲ್ಲುತ್ತಿದ್ದರು. ಸುಮ್ನೆ ಕೂತಿದ್ದೂ ಕೈ ಹಾಕಿದ ಹಾಗೇ, ಯಾರು ಪುಸ್ತಕ ಅಡಗಿಸಿಟ್ಟಿದ್ದಾರೋ ಅವರ ಕಡೆಯಿಂದ.

2025ರ ನವೆಂಬರ್ 21ರಿಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಅದರಲ್ಲಿ ನನಗೆ ಇಷ್ಟವಾಗದ್ದು ಬೇಕಾದಷ್ಟಿದೆ. ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಕೊಡಬೇಕು ಅನ್ನೋದು ಅದರಲ್ಲಿ ಒಂದು. ಅಷ್ಟರಲ್ಲಿ ಹಡಗು ಖಾಲಿ ಆಗಿ ಹೋಗಿರುತ್ತದೆ. ಆದರೆ ಒಂದು ಒಳ್ಳೇದೂ ಇದೆ. ಸಂಘದ ಆಡಳಿತ, ಪದಾಧಿಕಾರಿಗಳ ಚುನಾವಣೆ ಬಗ್ಗೆ ಸದಸ್ಯರಿಗೂ ಸಂಘಕ್ಕೂ ತಕರಾರು ಬಂದರೆ ನೇರವಾಗಿ ಟ್ರಿಬ್ಯುನಲ್‌ಗೆ, ಅಂದರೆ ಕೈಗಾರಿಕೆ ತಕರಾರು ಕೇಳುವ ನ್ಯಾಯಮಂಡಳಿಗೆ ಹೋಗಬಹುದು. ಹತ್ತು ವರ್ಷ ಸಿವಿಲ್ ಕೋರ್ಟು ಅಲೆಯಬೇಕಾಗಿಲ್ಲ. ಅಂದರೆ ದಾರಿ ಇದೆ ಸಾಹೇಬರೇ. ಹೊಸ ಕಾನೂನು ಬೇಡ, ಆಡಳಿತಾಧಿಕಾರಿ ಬೇಡ. ಟ್ರಿಬ್ಯುನಲ್‌ಗೆ ಅರ್ಜಿ ನಾವೇ ಹಾಕುತ್ತೇವೆ. ಅಲ್ಲಿ ನಿಮ್ಮ ಇಲಾಖೆಯವರು ತಾರೀಖಿನ ಮೇಲೆ ತಾರೀಖು ಕೇಳದೆ, ತಮ್ಮ ಹತ್ರ ಇರುವ ಹಳೇ ದಫ್ತರ ತಂದು ಇಡಲಿ. ಚುನಾವಣೆ ನಡೆಸಿ ಅಂತ ಆದೇಶ ಆದರೆ ಒಬ್ಬ ಅಧಿಕಾರಿ ಬಂದು ಗುಟ್ಟಿನ ಮತದಾನ ಮಾಡಿಸಿ, ಎಣಿಸಿ, ಗೆದ್ದವರ ಕೈಗೆ ಬೀಗದ ಕೈ ಕೊಟ್ಟು, ಅದೇ ದಿನ ಸಂಜೆ ಬಸ್ಸಿಗೆ ವಾಪಸ್ ಹೋಗಲಿ. ದುಡ್ಡು ಯಾರಾದರೂ ತಿಂದಿದ್ದರೆ ಅದು ಪೊಲೀಸರ ಕೆಲಸ. ಕಳ್ಳನನ್ನು ಕಳ್ಳ ಅಂತ ಹಿಡಿಯಿರಿ. ಒಬ್ಬ ಕದ್ದ ಅಂತ ಮುನ್ನೂರು ಜನರ ಸಂಘಕ್ಕೆ ಸರ್ಕಾರಿ ಬೀಗ ಹಾಕಬೇಡಿ, ಈಗಾಗಲೇ ಎರಡಿವೆ.

ಸಂಘದ ಒಳಗೆ ಸರ್ಕಾರ ಬರಬಾರದು ಅಂದ ನಾಯಕರಿಗೂ ಒಂದು ಪ್ರಶ್ನೆ. ಎಂಟು ವರ್ಷ ನಮ್ಮ ಅಧ್ಯಕ್ಷರು ನಿಮ್ಮ ಮೆರವಣಿಗೆಗೆ ಲಾರಿಗಟ್ಟಲೆ ಜನ ಕಳಿಸಿದರಲ್ಲ, ಒಂದು ದಿನವಾದರೂ ನಿಮ್ಮ ಚುನಾವಣೆ ಯಾವಾಗ ಅಂತ ಅವರನ್ನು ಕೇಳಿದ್ದೀರಾ? ರಾಜಕೀಯಕ್ಕೆ ಖರ್ಚು ಮಾಡುವುದಾದರೆ ಬೇರೆ ನಿಧಿ ಇರಬೇಕು, ಅದಕ್ಕೆ ಕೊಡಲೇಬೇಕು ಅಂತ ಯಾರನ್ನೂ ಒತ್ತಾಯ ಮಾಡುವಂತಿಲ್ಲ ಅಂತ 1926ರ ಕಾಯ್ದೆಯಲ್ಲೇ ಇತ್ತು. ಆ ಲಾರಿ ಡೀಸೆಲ್ ಯಾವ ನಿಧಿಯದ್ದು?

ಇನ್ನು ನನ್ನ ತಪ್ಪು. ಇದನ್ನು ಬರೆಯಬೇಡ ಅಂತ ಮಗಳು ಹೇಳಿದಳು. 2020ರಲ್ಲಿ ಆಗದೇ ಇದ್ದ ಮಹಾಸಭೆಯ ಹಾಜರಿ ಪುಸ್ತಕಕ್ಕೆ ನಾನು ಸಹಿ ಹಾಕಿದ್ದೇನೆ. ಗೋದಾಮಿನ ಹತ್ರ ಪುಸ್ತಕ ತಂದರು, ಹಾಕಪ್ಪ, ಎಲ್ಲರೂ ಹಾಕಿದ್ದಾರೆ ಅಂದರು. ಮೇಲೆ ನೋಡಿದರೆ ಹೌದು, ಎಲ್ಲರೂ ಹಾಕಿದ್ದರು. ಸಹಿ ಬಾರದವರ ಹೆಬ್ಬೆಟ್ಟೂ ಇತ್ತು. ಆ ಪುಟದ ಮೇಲೆ ಆಮೇಲೆ ಯಾವ ಠರಾವು ಬರೆದುಕೊಂಡರೋ ಗೊತ್ತಿಲ್ಲ. ನಾಳೆ ವಿಚಾರಣೆ ಆದರೆ ನನ್ನನ್ನೂ ಕರೆಯಿರಿ, ಬಂದು ಹೇಳುತ್ತೇನೆ.

ಚುನಾವಣೆ ಮಾಡಿಸುವುದಾದರೆ ಕೆಲವು ಮಾತು ನೆನಪಿರಲಿ. ಚೌತಿ ವಾರದಲ್ಲಿ ಇಡಬೇಡಿ, ಎಲ್ಲರೂ ಊರಿಗೆ ಹೋಗಿರುತ್ತಾರೆ. ಭಾನುವಾರ ಇಡಿ, ಲಾರಿ ಕಡಿಮೆ. ಮತಪೆಟ್ಟಿಗೆಯನ್ನು ಸಂಘದ ಕೋಣೆಯಲ್ಲಿ ಇಡಬೇಡಿ, ಯಾವುದಾದರೂ ಶಾಲೆಯಲ್ಲಿ ಇಡಿ. ಹೆಸರಿನ ಜೊತೆ ಚಿಹ್ನೆ ಕೊಡಿ. ಓದು ಬಾರದವರು ನಮ್ಮಲ್ಲಿ ಇನ್ನೂ ಇದ್ದಾರೆ, ಮನೆಯಲ್ಲಿ ಕೊಂಕಣಿ ಆಡುವವರೂ ಇದ್ದಾರೆ. ಕೊಕ್ಕೆ, ಚೀಲ, ತಕ್ಕಡಿ ಅಂದರೆ ಎಲ್ಲರಿಗೂ ಅರ್ಥ ಆಗುತ್ತದೆ. ಗ್ಯಾಂಗ್ ನಡೆಸುವ ಮುಕಾದಮರನ್ನು ಬಾಗಿಲ ಹತ್ರ ನಿಲ್ಲಿಸಬೇಡಿ. ಅವರು ನೋಡುತ್ತಿದ್ದರೆ ನಾನೇ ಧೈರ್ಯವಾಗಿ ಒತ್ತುವುದು ಕಷ್ಟ.

ಸದಸ್ಯರ ಯಾದಿ ಎಲ್ಲಿಂದ ತರೋದು, ಕೋಣೆಗೆ ಬೀಗ ಇದೆಯಲ್ಲ ಅಂತ ನಿಮ್ಮ ಅಧಿಕಾರಿ ಕೇಳಿಯೇ ಕೇಳುತ್ತಾರೆ. ಯಾದಿ ನನ್ನ ಹತ್ರ ಇದೆ. 2017ರ ಚುನಾವಣೆಯಲ್ಲಿ ಹೆಸರು ಕೂಗುವ ಕೆಲಸ ನನಗೆ ಕೊಟ್ಟಿದ್ದರು, ಆಗ ಬರೆದುಕೊಂಡ ಇನ್ನೂರು ಪುಟದ ನೋಟ್‌ಬುಕ್. ಆಮೇಲೆ ಸೇರಿದವರನ್ನೂ ಬಿಟ್ಟವರನ್ನೂ ನಾನೇ ತಿದ್ದುತ್ತಾ ಬಂದಿದ್ದೇನೆ. ಕೆಲಸ ಬಿಟ್ಟವರ ಹೆಸರಿನ ಮೇಲೆ ಗೆರೆ ಎಳೆದಿದ್ದೇನೆ. ತೀರಿಕೊಂಡವರಲ್ಲಿ ಐದು ಜನರ ಹೆಸರಿಗೆ ಮಾತ್ರ ಗೆರೆ ಎಳೆದಿಲ್ಲ, ಅಧಿಕಾರಿ ಬಂದಾಗ ಗಲಿಬಿಲಿ ಆಗಬಾರದು ಅಂತ ಈಗಲೇ ಹೇಳುತ್ತಿದ್ದೇನೆ. ಅವರ ಮನೆಗೆ ಸಹಾಯಧನ ಮುಟ್ಟಿಲ್ಲ. ಅದು ಮುಟ್ಟಿದ ದಿನ ಎಳೆಯುತ್ತೇನೆ.

ಇಂತಿ,
ಸಂಘದ ಒಬ್ಬ ಸದಸ್ಯ,
ಕಾರವಾರ